ದಡದ ಭೀಮಸೇನರಿಗೆ ಒಂದು ಮಾತು

ಕೊಲ್ಲಿ ದೇಶದ ಕನ್ನಡ ಮನೆಯಲ್ಲಿ ಬೆಳೆಯುವ ಮಗುವಿಗೆ ವಾರದ ಏಳು ದಿನ ಯಾವತ್ತೂ ಸಾಲುವುದಿಲ್ಲ. ಶನಿವಾರ ಬೆಳಗ್ಗೆ ಕನ್ನಡ ಪಾಠ, ಮಧ್ಯಾಹ್ನ ಭರತನಾಟ್ಯ, ಸಂಜೆ ಅಬಾಕಸ್. ಭಾನುವಾರ ಕೀಬೋರ್ಡು, ಚೆಸ್ಸು. ರಾಜ್ಯೋತ್ಸವ ಹತ್ತಿರ ಬಂದಿದ್ದರೆ ಕೋಲಾಟದ ಪ್ರಾಕ್ಟೀಸು ಬೇರೆ. ಊರಲ್ಲಿ ನವೆಂಬರ್ 1ಕ್ಕೆ ಬರುವ ರಾಜ್ಯೋತ್ಸವ ಹೊರನಾಡಿನಲ್ಲಿ ಹಾಲ್ ಸಿಕ್ಕಿದ ದಿನ ಬರುವುದರಿಂದ, ಅದು ವರ್ಷದ ಯಾವ ತಿಂಗಳಲ್ಲಾದರೂ ಹತ್ತಿರವಿರಬಹುದು. ಈ ತರಗತಿಗಳಿಗೆಲ್ಲ ಒಂದು ದೊಡ್ಡ ಸೌಕರ್ಯವಿದೆ: ಹೆತ್ತವರು ಮುಂದಿನ ಸಾಲಿನಲ್ಲಿ ಕೂರಬಹುದು. ತಾಳ ತಪ್ಪಿದರೆ ಕಣ್ಣು ಬಿಡಬಹುದು, ಮಾತು ಮರೆತರೆ ತುಟಿಯಾಡಿಸಿ ನೆನಪಿಸಬಹುದು, ಮುಗಿದ ಕೂಡಲೇ ಬಾಯಿಗೊಂದು ಬಾಳೆಹಣ್ಣು ತುರುಕಬಹುದು. ಇಂಥ ಮನೆಯಲ್ಲಿ ಹನ್ನೊಂದು ವರ್ಷದ ಮಗಳು ‘ನಾನು ಸ್ಕೂಬಾ ಕಲಿಯುತ್ತೇನೆ’ ಅಂದಾಗ ಏಳುವ ಗಾಬರಿಗೆ ಸಮುದ್ರವೊಂದೇ ಕಾರಣ ಎಂದುಕೊಳ್ಳಬೇಡಿ. ನಮ್ಮವರ ಪ್ರೀತಿ ಹರಿಯುವುದು ಎರಡೇ ಕಾಲುವೆಗಳಲ್ಲಿ: ಒಂದು ಬುದ್ಧಿಮಾತು, ಇನ್ನೊಂದು ಊಟ. ಎರಡಕ್ಕೂ ಬಾಯಿ ತೆರೆದಿರಬೇಕು. ಸ್ಕೂಬಾ ಮೊದಲ ಪಾಠದಲ್ಲೇ ಮಗುವಿನ ಬಾಯಿಗೆ ಉಸಿರಾಟದ ರೆಗ್ಯುಲೇಟರ್ ಕೊಟ್ಟು ಎರಡನ್ನೂ ಬಂದ್ ಮಾಡಿಬಿಡುತ್ತದೆ. ಮಗಳು ನೀರಿನಡಿಯಲ್ಲಿ ಅರ್ಧ ಗಂಟೆ ಇರುತ್ತಾಳೆ. ಆ ಅರ್ಧ ಗಂಟೆ ಅಪ್ಪ ಅಮ್ಮ ಮಾಡುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಬರಹದ ಉದ್ದೇಶ. ಉತ್ತರ ಚಿಕ್ಕದು, ಆದರೆ ನುಂಗುವುದು ಕಷ್ಟ: ನೀರಿಗಿಳಿಯುವ ಧೈರ್ಯವನ್ನು ಮಗುವಿಗೆ ಶಿಕ್ಷಕರು ಕೊಡುತ್ತಾರೆ, ಇಳಿಯದೆ ವಾಪಸು ಬರುವ ಧೈರ್ಯವನ್ನು ಹೆತ್ತವರು ಕೊಡಬೇಕು. ಮಗು ‘ಬೇಡ’ ಅಂದರೆ ಅದಕ್ಕೆ ಮನೆಯಲ್ಲಿ ಯಾವ ದಂಡವೂ ಬೀಳಬಾರದು. ಮುಖ ಸಪ್ಪೆಯಾಗಬಾರದು, ಫೀಸಿನ ಮಾತು ಬರಬಾರದು, ಪಕ್ಕದ ಫ್ಲಾಟಿನ ಆದಿತ್ಯನ ಹೆಸರು ಎತ್ತಬಾರದು. ಇಷ್ಟೇನಾ ಎನ್ನಬೇಡಿ. ಕನ್ನಡದ ಮನೆಯಲ್ಲಿ ಇಷ್ಟನ್ನು ನಡೆಸುವುದಕ್ಕಿಂತ ಅರವತ್ತು ಮೀಟರ್ ಆಳಕ್ಕೆ ಇಳಿಯುವುದು ಸುಲಭ. ಅಷ್ಟು ಆಳದ ಈಜುಕೊಳವೊಂದು ದುಬೈಯಲ್ಲೇ 2021ರಲ್ಲಿ ತೆರೆದಿದೆ, ಬೇಕಾದವರು ಹೋಲಿಸಿ ನೋಡಬಹುದು.

ದಡದಲ್ಲಿ ನಿಂತವರ ಮಾತು ನೀರಿನೊಳಗಿರುವವರಿಗೆ ಏನು ಮಾಡುತ್ತದೆ ಎಂಬುದು ಕನ್ನಡಿಗರಿಗೆ ಸಾವಿರ ವರ್ಷದಿಂದ ಗೊತ್ತಿರುವ ವಿಷಯ. ನಮ್ಮ ಸಾಹಿತ್ಯದ ಅತಿ ಪ್ರಸಿದ್ಧ ಮುಳುಗುಗಾರ ದುರ್ಯೋಧನ. ಸಿಲಿಂಡರ್ ಇಲ್ಲ, ಮಾಸ್ಕ್ ಇಲ್ಲ, ಜಲಸ್ತಂಭನ ವಿದ್ಯೆಯೊಂದನ್ನೇ ನಂಬಿ ವೈಶಂಪಾಯನ ಸರೋವರದ ತಳದಲ್ಲಿ ತಣ್ಣಗೆ ಕೂತಿದ್ದ. ಕೆಡಿಸಿದ್ದು ನೀರಲ್ಲ. ದಡಕ್ಕೆ ಬಂದ ಭೀಮಸೇನ ಬಾಯಿಗೆ ಬಂದಂತೆ ಮೂದಲಿಸಿದ. ರನ್ನ ತನ್ನ ಗದಾಯುದ್ಧದಲ್ಲಿ ಆ ಮಾತಿಗೆ ದುರ್ಯೋಧನ ನೀರಿನೊಳಗಿದ್ದೂ ಬೆವರುವಂತೆ ಮಾಡಿದ. ತಡೆಯಲಾಗದೆ ಒಂದೇ ನೆಗೆತಕ್ಕೆ ಮೇಲೆದ್ದು ಬಂದವನ ತೊಡೆಗಳ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ. ಇಂದಿನ ಯಾವ ಡೈವಿಂಗ್ ಶಿಕ್ಷಕರಾದರೂ ಈ ಪ್ರಕರಣದಲ್ಲಿ ಎರಡು ತಪ್ಪು ಗುರುತಿಸುತ್ತಾರೆ. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕಿತ್ತು, ನಿಲ್ಲಲಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿರ್ಧಾರ ನೀರಿನೊಳಗಿದ್ದವನದ್ದಾಗಿರಲಿಲ್ಲ, ದಡದವನದ್ದಾಗಿತ್ತು. ಫುಜೈರಾದ ದಂಡೆಯಲ್ಲಿ ಟೋಪಿ ಹಾಕಿಕೊಂಡು ‘ಇಳಿಯೇ, ಏನಾಗಲ್ಲ, ಅಷ್ಟು ಚಿಕ್ಕ ಹುಡುಗ ಇಳಿದ ನೋಡು’ ಎಂದು ಕೂಗುವ ಅಪ್ಪಂದಿರ ಕೈಯಲ್ಲಿ ಗದೆ ಇಲ್ಲ, ಮೊಬೈಲ್ ಇದೆ. ವ್ಯತ್ಯಾಸ ಅಷ್ಟೆ.

ಹೆದರಿದ ಮಗುವನ್ನು ಇಳಿಸುವುದು ಏಕೆ ಅಪಾಯ ಎಂಬುದಕ್ಕೆ ಪುರಾಣದ ಸಾಕ್ಷಿ ಸಾಲದೆನ್ನುವವರಿಗೆ ಭೌತಶಾಸ್ತ್ರವಿದೆ. ಸಮುದ್ರದಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ರೆಗ್ಯುಲೇಟರ್ ಆ ಒತ್ತಡಕ್ಕೆ ಸರಿಯಾಗಿಯೇ ಗಾಳಿ ಕೊಡುತ್ತದೆ. ಆದ್ದರಿಂದ ಹತ್ತು ಮೀಟರ್ ಆಳದಲ್ಲಿ ಎಳೆದ ಒಂದು ಪೂರ್ತಿ ಉಸಿರು ಮೇಲೆ ಬರುವಷ್ಟರಲ್ಲಿ ಎರಡು ಉಸಿರಿನಷ್ಟು ಹಿಗ್ಗುತ್ತದೆ. ಬಾಯ್ಲ್ ಎಂಬ ಪುಣ್ಯಾತ್ಮ 1662ರಲ್ಲೇ ಈ ಲೆಕ್ಕ ಬರೆದಿಟ್ಟಿದ್ದಾನೆ. ಉಸಿರಾಡುತ್ತ ನಿಧಾನವಾಗಿ ಬಂದರೆ ಹೆಚ್ಚಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಉಸಿರು ಕಟ್ಟಿಕೊಂಡು ಬಂದರೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶವನ್ನೇ ಹರಿಯುತ್ತದೆ. ಅದಕ್ಕೇ ಸ್ಕೂಬಾದ ಮೊದಲ ಸೂತ್ರ ‘ಉಸಿರು ಕಟ್ಟಬೇಡ’. ಈಗ ಹೇಳಿ, ಹೆದರಿದ ಮಗು ಮೊದಲು ಮಾಡುವ ಕೆಲಸ ಯಾವುದು? ಉಸಿರು ಕಟ್ಟುತ್ತದೆ. ಎರಡನೆಯದು? ಮೇಲಕ್ಕೆ ಹಾರುತ್ತದೆ. ಸಮುದ್ರದಲ್ಲಿ ಶಾರ್ಕ್ ಇದೆಯೇ ಎಂದು ಇಂಟರ್ನೆಟ್ಟಿನಲ್ಲಿ ಮೂರು ರಾತ್ರಿ ಹುಡುಕುವ ತಾಯಂದಿರು ತಿಳಿಯಬೇಕಾದ್ದು ಇಷ್ಟು: ಅಲ್ಲಿನ ಶಾರ್ಕುಗಳು ಬಹುಪಾಲು ನಾಚಿಕೆಯ ಪ್ರಾಣಿಗಳು, ಮಗುವಿನೊಳಗಿನ ದಿಗಿಲಿಗೆ ನಾಚಿಕೆಯಿಲ್ಲ. ಆದ್ದರಿಂದ ಮಗು ಹೇಳುವ ‘ಬೇಡ’ ಮಾಸ್ಕ್, ಸಿಲಿಂಡರುಗಳ ಹಾಗೆ ಒಂದು ಸುರಕ್ಷತಾ ಸಾಧನ. ಡೈವಿಂಗ್ ಜಗತ್ತು ಇದನ್ನು ಒಪ್ಪಿಕೊಂಡಿದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ ಡೈವ್ ನಿಲ್ಲಿಸಬಹುದು, ಕಾರಣ ಕೇಳುವಂತಿಲ್ಲ ಎಂಬುದು ಅಲ್ಲಿಯ ಶಿಷ್ಟಾಚಾರ. ನಮ್ಮಲ್ಲಿ ಮದುವೆಯೂಟಕ್ಕೆ ಕೂತವರಿಗೂ ಈ ಸ್ವಾತಂತ್ರ್ಯವಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿನಲ್ಲಿ ಹೋಳಿಗೆ ಬೀಳುತ್ತದೆ.

ಈ ವಿದ್ಯೆಯ ಭಾಷೆ ನಮ್ಮ ಮಕ್ಕಳಿಗೆ ಅಷ್ಟೇನೂ ಅಪರಿಚಿತವಲ್ಲ. ನೀರಿನಡಿಯಲ್ಲಿ ಮಾತಿಲ್ಲ, ಹಸ್ತಾಭಿನಯ ಮಾತ್ರ. ಹೆಬ್ಬೆರಳು ತೋರುಬೆರಳು ಕೂಡಿಸಿದರೆ ‘ನಾನು ಸರಿಯಾಗಿದ್ದೇನೆ’: ಭರತನಾಟ್ಯದ ಹಂಸಾಸ್ಯ. ಅಂಗೈ ಮುಂದೆ ಚಾಚಿದರೆ ‘ನಿಲ್ಲು’: ಪತಾಕ. ಮುಷ್ಟಿ ಕಟ್ಟಿ ಹೆಬ್ಬೆರಳೆತ್ತಿದರೆ ‘ಮೇಲೆ ಹೋಗೋಣ’: ಶಿಖರ, ಹೆಸರೇ ಅರ್ಥ ಹೇಳುತ್ತದೆ. ಶನಿವಾರದ ನೃತ್ಯ ತರಗತಿಗೆ ಕೊಟ್ಟ ಫೀಸು ಹೀಗೆ ಅನಿರೀಕ್ಷಿತವಾಗಿ ಸಾರ್ಥಕವಾಗುತ್ತದೆ. ತೊಂದರೆ ಬರುವುದು ಹೆತ್ತವರಿಂದ. ಈಜುಕೊಳದ ಅಂಚಿನಲ್ಲಿ ನಿಂತ ತಂದೆ ‘ಭೇಷ್’ ಎಂಬರ್ಥದಲ್ಲಿ ಹೆಬ್ಬೆರಳೆತ್ತುತ್ತಾನೆ. ಆಗಷ್ಟೇ ಪಾಠ ಕಲಿತ ಮಗು ‘ಪಾಠ ಸಾಕು, ಮೇಲೆ ಬಾ’ ಎಂದು ಓದಿಕೊಳ್ಳುತ್ತದೆ. ಇನ್ನೂ ದೊಡ್ಡ ಗೊಂದಲ ಅಂಗೈಯನ್ನು ಅತ್ತಿತ್ತ ಅಲುಗಿಸುವ ಸನ್ನೆಯದು. ನಮ್ಮ ಕಡೆ ಅದಕ್ಕೆ ‘ಪರವಾಗಿಲ್ಲ, ಹೇಗೋ ನಡೀತಿದೆ’ ಎಂದರ್ಥ. ನೀರಿನಡಿಯಲ್ಲಿ ಅದೇ ಸನ್ನೆಗೆ ‘ಏನೋ ಸರಿಯಿಲ್ಲ’ ಎಂದರ್ಥ. ಆಮೇಲೆ ಕಿವಿಯನ್ನೋ ಮಾಸ್ಕನ್ನೋ ತೋರಿಸಬೇಕು. ಅಡ್ಜಸ್ಟ್ ಮಾಡಿಕೊಳ್ಳುವುದೇ ಬಾಳು ಎಂದು ನಂಬಿದ ನಮಗೆ, ಅಡ್ಜಸ್ಟ್ ಮಾಡಿಕೊಳ್ಳಬಾರದ ಜಾಗವೊಂದು ಭೂಮಿಯ ಮೇಲೆ ಇಲ್ಲದಿದ್ದರೂ ನೀರಿನ ಕೆಳಗೆ ಇದೆ. ಇನ್ನು ಜೊತೆಗಾರನಿಗೆ ಡೈವಿಂಗಿನವರು ಇಟ್ಟಿರುವ ಹೆಸರು ‘ಬಡ್ಡಿ’. ಮುಳುಗುವ ಮುಂಚೆ ಇಬ್ಬರೂ ಒಬ್ಬರ ಸಲಕರಣೆಯನ್ನು ಇನ್ನೊಬ್ಬರು ಪರೀಕ್ಷಿಸಬೇಕು, ನೀರಿನಲ್ಲಿ ಒಬ್ಬರನ್ನೊಬ್ಬರು ಬಿಡಬಾರದು. ಗೃಹಸಾಲ ತೀರಿಸುತ್ತಿರುವ ಯಾವ ಅನಿವಾಸಿಗೂ ಬಡ್ಡಿ ಎಂದರೆ ಸದಾ ಬೆನ್ನಿಗಿರುವಂಥದ್ದು ಎಂದು ವಿವರಿಸಬೇಕಾಗಿಲ್ಲ.

ಹಾಗಾದರೆ ಹೆತ್ತವರು ಕೈಕಟ್ಟಿ ಕೂರಬೇಕೇ? ಕೂರುವ ಹಾಗಿಲ್ಲ, ಕೆಲಸ ಬೇಕಾದಷ್ಟಿದೆ. ಆದರೆ ಎಲ್ಲವೂ ದಡದ ಕೆಲಸ, ಫೋಟೋಕ್ಕೆ ಬರದಂಥವು. ಮೊದಲನೆಯದು ಆರೋಗ್ಯದ ಪ್ರಶ್ನಾವಳಿ. ಆಸ್ತಮಾ, ಮೂರ್ಛೆ, ಕಿವಿಯ ತೊಂದರೆ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಅದು ಕೇಳುತ್ತದೆ. ಕೆಲವಕ್ಕೆ ‘ಹೌದು’ ಎಂದರೆ ವೈದ್ಯರ ಸಹಿ ಬೇಕು. ಸಹಿಗೆ ಓಡಾಡುವ ಬೇಸರಕ್ಕೆ ನಮ್ಮವರು ಕಂಡುಕೊಳ್ಳುವ ಉಪಾಯ ಭಾಷಾಶಾಸ್ತ್ರದ್ದು: ‘ಆಸ್ತಮಾ ಏನಿಲ್ಲ, ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಅಷ್ಟೆ.’ ಮಗಳ ಮದುವೆಯ ಬಯೋಡೇಟಾದಲ್ಲಿ ಇಂಥ ಕಲೆ ನಡೆಯಬಹುದು. ಹನ್ನೆರಡು ಮೀಟರ್ ಆಳದಲ್ಲಿ ಶ್ವಾಸನಾಳಕ್ಕೆ ಪರ್ಯಾಯಪದ ಗೊತ್ತಾಗುವುದಿಲ್ಲ. ಎರಡನೆಯದು ನೆಗಡಿ. ಮಕ್ಕಳ ಮೂಗಿಗೂ ಕಿವಿಗೂ ನಡುವಿನ ನಾಳ ಚಿಕ್ಕದು, ಹೆಚ್ಚು ಅಡ್ಡಡ್ಡ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತಿರಬೇಕು. ವಾಲ್ಸಾಲ್ವಾ ಎಂಬ ಇಟಲಿಯ ಅಂಗರಚನಾ ಶಾಸ್ತ್ರಜ್ಞನ ಹೆಸರಿನಲ್ಲಿರುವ ಈ ಉಪಾಯ ಮೂಗು ಕಟ್ಟಿದ ದಿನ ಕೈಕೊಡುತ್ತದೆ. ಆಗ ಅಮ್ಮನ ಔಷಧ ಪೆಟ್ಟಿಗೆ ಬಾಯಿ ತೆರೆಯುತ್ತದೆ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದ ಮಗುವಿಗೆ ಕೆಳಗಿರುವಾಗಲೇ ಮಾತ್ರೆಯ ಶಕ್ತಿ ಇಳಿದರೆ, ಮೇಲೆ ಬರುವಾಗ ಹಿಗ್ಗುವ ಗಾಳಿ ಕಿವಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನೆಗಡಿಗೆ ಸರಿಯಾದ ಔಷಧ ಮುಂದಿನ ವಾರ. ಶುಂಠಿ ಕಷಾಯವನ್ನೂ ಕೊಡಿ, ಆದರೆ ಮನೆಯಲ್ಲಿ ಕೂರಿಸಿ ಕೊಡಿ.

ಮೂರನೆಯದು ಊಟ. ಹಸಿದು ಇಳಿಯಬಾರದು ನಿಜ, ಆದರೆ ‘ಸಮುದ್ರಕ್ಕೆ ಹೋಗುವ ಮಗು’ ಎಂದು ಬೆಳಗ್ಗೆ ಏಳಕ್ಕೇ ಬಿಸಿಬೇಳೆ ಬಾತ್ ಬಡಿಸಿ, ಮೇಲೊಂದು ಹಿಡಿ ಬೂಂದಿ ಹಾಕಿ, ಅಲೆಯಲ್ಲಿ ತೊನೆಯುವ ದೋಣಿ ಹತ್ತಿಸಿದರೆ ಫಲಿತಾಂಶ ಒಂದೇ. ನೀರಿನಡಿಯಲ್ಲಿ ವಾಂತಿ ಬಂದರೆ ರೆಗ್ಯುಲೇಟರನ್ನು ಬಾಯಿಂದ ತೆಗೆಯದೆ ಅದರ ಮೂಲಕವೇ ಮಾಡಬೇಕು ಎಂದು ಕಲಿಸುತ್ತಾರೆ. ಸಲಕರಣೆ ಅದನ್ನು ತಡೆದುಕೊಳ್ಳುತ್ತದೆ, ಸುತ್ತಲಿನ ಮೀನುಗಳಿಗೆ ಪ್ರಸಾದ ವಿನಿಯೋಗವೂ ಆಗುತ್ತದೆ, ಆದರೆ ಆ ಮಗು ಜನ್ಮದಲ್ಲಿ ಬೂಂದಿ ಮುಟ್ಟುವುದಿಲ್ಲ. ನಾಲ್ಕನೆಯದು ವಿಮಾನ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಹಾರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಸಲಹೆ. ದೇಹದಲ್ಲಿ ಕರಗಿದ ಸಾರಜನಕ ಹೊರಬರಲು ಅಷ್ಟು ಹೊತ್ತು ಬೇಕು. ಬೆಳಗ್ಗೆ ಡೈವ್, ರಾತ್ರಿ ಮಂಗಳೂರಿನ ವಿಮಾನ, ಮರುದಿನ ಸೋದರಳಿಯನ ಉಪನಯನ ಎಂಬ ನಮ್ಮ ಪ್ರಸಿದ್ಧ ಟೈಮ್ ಟೇಬಲ್ ಇಲ್ಲಿ ನಡೆಯುವುದಿಲ್ಲ. ರಜೆಗೆ ಊರಿಗೆ ಹೋದಾಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗುವವರಿಗೂ ಈ ಮಾತು ಸಲ್ಲುತ್ತದೆ. ಡೈವಿಂಗಿನ ಲೆಕ್ಕದಲ್ಲಿ ಮುನ್ನೂರು ಮೀಟರಿಗೆ ಮೇಲ್ಪಟ್ಟದ್ದೆಲ್ಲ ಎತ್ತರವೇ, ಹಾಗಾಗಿ ಅದೇ ಸಂಜೆ ಘಟ್ಟ ಹತ್ತುವ ಮುಂಚೆ ಶಿಕ್ಷಕರನ್ನು ಒಂದು ಮಾತು ಕೇಳಬೇಕು. ಐದನೆಯದು ತರಗತಿಗೆ ಸೇರಿಸುವ ದಿನದ ಪ್ರಶ್ನೆ. ನಮ್ಮವರು ಕೇಳುವುದು ‘ಇಬ್ಬರು ಮಕ್ಕಳಾದರೆ ಡಿಸ್ಕೌಂಟ್ ಎಷ್ಟು?’ ಕೇಳಬೇಕಾದ್ದು ‘ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು?’ ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮದಂತೆ ಹತ್ತು, ಹನ್ನೊಂದರ ಮಕ್ಕಳಿದ್ದರೆ ಸಮುದ್ರದಲ್ಲಿ ಒಬ್ಬ ಶಿಕ್ಷಕರ ಜೊತೆ ನಾಲ್ವರಿಗಿಂತ ಹೆಚ್ಚು ಕಲಿಯುವವರು ಇರಬಾರದು, ಅವರಲ್ಲಿ ಆ ವಯಸ್ಸಿನವರು ಇಬ್ಬರಿಗಿಂತ ಹೆಚ್ಚಿರಬಾರದು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಅಜ್ಜಿಯದು, ಊರಿನಿಂದ ವಿಡಿಯೋ ಕಾಲಿನಲ್ಲಿ ಬರುತ್ತದೆ: ‘ಇದೆಲ್ಲ ಯಾಕೆ ಬೇಕು? ದೊಡ್ಡವಳಾದ ಮೇಲೆ ಕಲಿಯಲಿ.’ ಈ ಆಕ್ಷೇಪವನ್ನು ನಕ್ಕು ತಳ್ಳಿಹಾಕಬಾರದು, ಅರ್ಧ ಸರಿಯಿದೆ. ಪ್ಯಾಡಿಯ ಲೆಕ್ಕದಲ್ಲಿ ಎಂಟನೇ ವರ್ಷಕ್ಕೆ ಎರಡು ಮೀಟರ್ ಆಳದವರೆಗೆ ಆಟದಂಥ ಪರಿಚಯ. ಹತ್ತಕ್ಕೆ ಜೂನಿಯರ್ ಓಪನ್ ವಾಟರ್ ಕೋರ್ಸು. ಹತ್ತು, ಹನ್ನೊಂದರಲ್ಲಿ ಆಳದ ಮಿತಿ 12 ಮೀಟರ್. ಜೊತೆಗೆ ಶಿಕ್ಷಕ ವರ್ಗದವರೋ, ಸ್ವತಃ ಡೈವಿಂಗ್ ಸರ್ಟಿಫಿಕೇಟು ಇರುವ ಹೆತ್ತವರೋ ಇರಬೇಕು. ಹನ್ನೆರಡರಿಂದ ಹದಿನಾಲ್ಕರವರೆಗೆ ಸರ್ಟಿಫಿಕೇಟು ಇರುವ ವಯಸ್ಕರು ಯಾರಾದರೂ ಆದೀತು, ಮಿತಿ 18 ಮೀಟರ್. ಹದಿನೈದಕ್ಕೆ ದೊಡ್ಡವರ ಕಾರ್ಡು. ಅಂದರೆ ವ್ಯವಸ್ಥೆಯೇ ಮಗುವನ್ನು ಮಗುವೆಂದು ಒಪ್ಪಿ ಮೆಟ್ಟಿಲು ಕಟ್ಟಿದೆ. ಆದರೆ ಹತ್ತು ಎಂಬುದು ಕನಿಷ್ಠ ವಯಸ್ಸು, ಅದು ಮುಹೂರ್ತವಲ್ಲ. ತಪ್ಪಿದರೆ ಗುರುಬಲ ಹೋಗುವುದಿಲ್ಲ. ಸೂಚನೆ ನೆನಪಿಟ್ಟುಕೊಳ್ಳುವ, ಕಿವಿ ನೋಯುತ್ತಿದೆ ಎಂದು ದೊಡ್ಡವರ ಮುಂದೆ ಸಂಕೋಚವಿಲ್ಲದೆ ಹೇಳುವ ಮಗು ಹತ್ತಕ್ಕೇ ತಯಾರು. ಕೇಳಿದ್ದಕ್ಕೆಲ್ಲ ‘ಹ್ಞೂಂ’ ಎನ್ನುವ ವಿಧೇಯ ಮಗು ಹದಿಮೂರಾದರೂ ತಯಾರಿಲ್ಲ. ನಮ್ಮ ಮನೆಗಳಲ್ಲಿ ಬಹುಮಾನ ಪಡೆಯುವ ಗುಣ ನೀರಿನಲ್ಲಿ ದೋಷವಾಗುವುದು ಹೀಗೆ.

ಎರಡನೆಯ ಆಕ್ಷೇಪ ಮಾವಂದಿರದು, ಬಲವಾದದ್ದು: ‘ಬೇಡ ಅಂದ ಕೂಡಲೇ ಬಿಟ್ಟರೆ ಮಗು ಏನನ್ನೂ ಕಲಿಯುವುದಿಲ್ಲ. ಊರಲ್ಲಿ ನಮಗೆ ಈಜು ಬಂದದ್ದು ಹೇಗೆ? ಬಾವಿಗೆ ದೂಡಿದರು, ಬಂತು.’ ನಿಜ, ಒಂದು ತಲೆಮಾರಿನ ಕನ್ನಡಿಗರು ಹಾಗೇ ಕಲಿತರು. ಬೆನ್ನಿಗೆ ಸೋರೆಬುರುಡೆಯೋ ಬೆಂಡೋ, ಸೊಂಟಕ್ಕೆ ಹಗ್ಗ, ಹಿಂದಿನಿಂದ ಒಂದು ನೂಕು. ಆದರೆ ಬಾವಿಯ ಪದ್ಧತಿಯನ್ನು ಸಮುದ್ರಕ್ಕೆ ಸಾಗಿಸುವ ಮುಂಚೆ ಬಾಯ್ಲನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಬಾವಿಗೆ ಬಿದ್ದ ಹುಡುಗ ಉಸಿರು ಎಳೆದುಕೊಂಡದ್ದು ಮೆಟ್ಟಿಲ ಮೇಲೆ. ಕೆಳಗೆ ಹೋದಾಗ ಆ ಗಾಳಿ ಕುಗ್ಗಿ, ಮೇಲೆ ಬಂದಾಗ ಮೊದಲಿದ್ದಷ್ಟೇ ಆಗುತ್ತದೆ. ಅವನು ಹೆದರಿ ಉಸಿರು ಕಟ್ಟಿಕೊಂಡು ಮೇಲಕ್ಕೆ ಹಾರಿದರೂ ಹೆಚ್ಚೆಂದರೆ ಮೂಗಿಗೆ ನೀರು, ಬಾಯಿಗೆ ಬೈಗುಳ. ಸ್ಕೂಬಾ ಮಗು ಉಸಿರು ಎಳೆದುಕೊಳ್ಳುವುದು ಕೆಳಗೆ, ಒತ್ತಡದಲ್ಲಿ. ಅದೇ ಹೆದರಿಕೆ, ಅದೇ ಹಾರಿಕೆ, ಪರಿಣಾಮ ಬೇರೆ. ನೂಕಿ ಕಲಿಸುವ ವಿದ್ಯೆ ಬಾವಿಯ ಕಟ್ಟೆಗೆ ಮುಗಿಯಿತು. ಹಾಗೆಂದು ಒಮ್ಮೆ ಬೇಡ ಎಂದರೆ ಎಂದೆಂದಿಗೂ ಬಿಡುವುದು ಎಂದಲ್ಲ. ಮಾಸ್ಕಿಗೆ ನೀರು ತುಂಬಿಕೊಂಡು ಮೂಗಿನಿಂದ ಊದಿ ಹೊರಹಾಕುವ ಅಭ್ಯಾಸ ಅನೇಕ ಮಕ್ಕಳಿಗೆ ಮೊದಲ ದಿನ ಆಗುವುದಿಲ್ಲ. ಅದನ್ನು ಎದೆಮಟ್ಟದ ನೀರಿನಲ್ಲಿ ಹತ್ತು ಸಲ, ಬೇಕಾದರೆ ಮುಂದಿನ ವಾರ ಇನ್ನೂ ಹತ್ತು ಸಲ ಮಾಡಬಹುದು. ‘ಇವತ್ತು ಬೇಡ’ ಎಂದು ಹೇಳಿ ದಂಡ ತೆರದೆ ಬಂದ ಮಗುವೇ ನಾಳೆ ತಾನಾಗಿ ಇಳಿಯುವುದು. ದಂಡ ತೆತ್ತ ಮಗು ಮುಂದಿನ ಸಲ ಹೊಟ್ಟೆನೋವಿನ ನೆಪ ಹುಡುಕುತ್ತದೆ, ಇಲ್ಲವೇ ಇನ್ನೂ ಕೆಟ್ಟದ್ದಾಗಿ, ಸುಮ್ಮನೆ ಇಳಿಯುತ್ತದೆ. ಫೀಸು ಹೋಯಿತಲ್ಲ ಎನ್ನುವವರು ಹೀಗೆ ಸಮಾಧಾನ ತಂದುಕೊಳ್ಳಲಿ: ಮುಳುಗಿದ್ದು ಹಣ ಮಾತ್ರ. ಮತ್ತು ದಯವಿಟ್ಟು ಡೈವಿಗೆ ಮುಂಚೆ ಮಗುವಿನ ಫೋಟೋವನ್ನು ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಲವತ್ತು ಜನ ಚಪ್ಪಾಳೆಯ ಚಿತ್ರ ಕಳಿಸಿಯಾದ ಮೇಲೆ ಆ ಮಗುವಿಗೆ ಬೇಡ ಎನ್ನಲು ಬಾಯಿ ಬಾರದು.

ಮೂರನೆಯ ಆಕ್ಷೇಪ ಉತ್ಸಾಹಿ ತಂದೆಯದು: ‘ನಾನೂ ಕಲಿತು ಜೊತೆಗೆ ಇಳಿದುಬಿಡುತ್ತೇನೆ.’ ಕಲಿಯಲಿ, ಬಹಳ ಒಳ್ಳೆಯದು. ಇನ್ನೂರು ಮೀಟರ್ ಈಜಿ, ಹತ್ತು ನಿಮಿಷ ನೀರಿನಲ್ಲಿ ತೇಲಿ ತೋರಿಸಬೇಕಾದ ಪರೀಕ್ಷೆಗೆ ಕೂತರೆ, ಮಗಳಿಗೆ ‘ಅಷ್ಟೂ ಆಗಲ್ವಾ?’ ಎನ್ನುವ ನಾಲಿಗೆ ತಾನಾಗಿ ಮೃದುವಾಗುತ್ತದೆ. ಮೊದಲ ಸಲ ಮಾಸ್ಕಿಗೆ ನೀರು ಬಿಟ್ಟುಕೊಂಡಾಗ ಮ್ಯಾನೇಜರ್ ಹುದ್ದೆಯ ಗಾಂಭೀರ್ಯವೆಲ್ಲ ಗುಳ್ಳೆಗಳಾಗಿ ಮೇಲೆ ಹೋಗುತ್ತದೆ. ಆದರೆ ಕಲಿಕೆಯ ನಾಲ್ಕು ಸಮುದ್ರ ಡೈವ್ ಮುಗಿಸಿದ ಅಪ್ಪ, ಕಾಗದದ ಮೇಲೆ ಮಗಳ ಜೊತೆಗಾರನಾಗಲು ಅರ್ಹ ನಿಜ, ತನ್ನ ಗಾಳಿಯ ಲೆಕ್ಕವನ್ನೇ ಇನ್ನೂ ಬೆವರುತ್ತ ನೋಡುತ್ತಿರುವವನು. ಮೊದಲ ಕೆಲವು ವರ್ಷ ಶಿಕ್ಷಕರೂ ಜೊತೆಗಿರಲಿ. ಅಪ್ಪ ಕಲಿಯಬೇಕಾದ್ದು ಮಗಳನ್ನು ನಡೆಸುವುದಕ್ಕಲ್ಲ, ಅವಳು ‘ಬೇಡ’ ಎಂದಾಗ ಆ ಮಾತಿನ ತೂಕ ತಿಳಿಯುವುದಕ್ಕೆ.

ಈ ತೂಕವನ್ನು ಚೆನ್ನಾಗಿ ಬಲ್ಲವರು ಇದೇ ಕೊಲ್ಲಿಯಲ್ಲಿ ಇದ್ದರು. ತೈಲ ಸಿಗುವ ಮುಂಚೆ ಈ ದಂಡೆಗಳ ಬದುಕು ನಡೆದದ್ದು ಮುತ್ತಿನಿಂದ. ನಮ್ಮ ಕರಾವಳಿಯವರಿಗೂ ಗೊತ್ತಿರುವ ‘ನಾಖುದ’ ಎಂಬ ಹೆಸರಿನವನೇ ಆ ದೋಣಿಗಳ ಯಜಮಾನ. ಮುಳುಗುವವನು ಘೈಸ್: ಮೂಗಿಗೆ ಚಿಮಟ, ಕಾಲಿಗೆ ಕಲ್ಲು, ಕೊರಳಿಗೆ ಬುಟ್ಟಿ. ದೋಣಿಯಲ್ಲಿ ಅವನ ಹಗ್ಗ ಹಿಡಿದು ನಿಲ್ಲುವವನು ಸೈಬ್. ಸಾಲದಲ್ಲಿ ಮುಳುಗಿದ್ದ ಕಠಿಣ ಬದುಕು ಅದು, ಹೊಗಳಿ ಹಾಡುವಂಥದ್ದಲ್ಲ. ಜಪಾನಿನ ಸಾಕಿದ ಮುತ್ತು ಮತ್ತು ಜಗತ್ತಿನ ಆರ್ಥಿಕ ಕುಸಿತ ಸೇರಿ 1930ರ ದಶಕದಲ್ಲಿ ಅದು ಕುಸಿಯಿತು. ಆದರೆ ಸೈಬನ ಕೆಲಸ ಮಾತ್ರ ನೆನಪಿಡುವಂಥದ್ದು. ಅವನು ಮುಳುಗುವುದಿಲ್ಲ, ಮುತ್ತು ಆರಿಸುವುದಿಲ್ಲ, ಕೂಗುವುದಿಲ್ಲ. ಹಗ್ಗದ ಮೇಲೆ ಕೈಯಿಟ್ಟಿರುತ್ತಾನೆ. ಕೆಳಗಿನಿಂದ ಜಗ್ಗಿದರೆ ಎಳೆಯುತ್ತಾನೆ. ‘ಇಷ್ಟು ಬೇಗ ಯಾಕೆ? ಬುಟ್ಟಿ ತುಂಬಿತೇ?’ ಎಂದು ಕೇಳಿ ಆಮೇಲೆ ಎಳೆದ ಸೈಬನಿಗೆ ಮರುದಿನ ಎಳೆಯಲು ಯಾರೂ ಇರುತ್ತಿರಲಿಲ್ಲ. ನಮ್ಮ ಬಾವಿಯ ಕಟ್ಟೆಯಲ್ಲೂ ಇಬ್ಬರಿದ್ದರು: ನೂಕಿದ ಮಾವನೊಬ್ಬ, ಹಗ್ಗ ಹಿಡಿದ ಮಾವನೊಬ್ಬ. ಕತೆಯಲ್ಲಿ ಹೆಸರು ಬಂದದ್ದು ನೂಕಿದವನದು. ಹುಡುಗರು ಬದುಕಿ ಉಳಿದದ್ದು ಇನ್ನೊಬ್ಬನಿಂದ.

ಆದ್ದರಿಂದ ಈ ವಾರಾಂತ್ಯ ಮಗುವನ್ನು ಕರೆದುಕೊಂಡು ಫುಜೈರಾದ ಕಡೆಗೋ ಮಸ್ಕತ್ತಿನ ದಂಡೆಗೋ ಹೊರಟ ತಂದೆತಾಯಂದಿರಲ್ಲಿ ವಿನಂತಿ ಇಷ್ಟು. ಒಣ ಟವಲು, ಕುಡಿಯುವ ನೀರು, ನೆರಳಿಗೊಂದು ಕೊಡೆ ಇರಲಿ. ಮಗು ಮೇಲೆ ಬಂದಾಗ ‘ಎಷ್ಟು ಮೀಟರ್ ಹೋದೆ?’ ಎಂದು ಕೇಳಬೇಡಿ, ‘ಏನೇನು ಕಂಡಿತು?’ ಎಂದು ಕೇಳಿ. ಆಮೆಯ ಕತೆ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ. ಮುಳುಗದೆಯೇ ಬಂದರೆ ಅದೇ ಟವಲು ಕೊಡಿ, ಅದೇ ಮುಖದಲ್ಲಿ ಕೊಡಿ. ಮತ್ತು ಕಾರು ಹತ್ತುವ ಮುಂಚೆಯೇ, ಬುದ್ಧಿಮಾತಿನ ಬಾಬ್ತು ಒಂದೇ ಒಂದು ವಾಕ್ಯ ಹೇಳಿ ಮುಗಿಸಿ: ‘ಬೇಡ ಅನ್ನಿಸಿದರೆ ಬಂದುಬಿಡು ಮಗಳೇ, ಚಿತ್ರಾನ್ನ ಹೇಗೂ ತಂದಿದ್ದೇವೆ.’